ಆವತ್ತು ನಾನು ಕೂಗಿದ ಸಾವಧಾನ್

ಪಿಳ್ಳಪ್ಪ, ಆವತ್ತು ಬೆಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ನಾನು ‘ಸಾವಧಾನ್’ ಎಂದು ಕೂಗಿದ್ದು ಬಾಯಿ ತಪ್ಪಿ ಅಲ್ಲ. ಬೇಕೆಂದೇ ಕೂಗಿದೆ. ಕೂಗುವ ಮೊದಲು ಯೋಚನೆಯನ್ನೂ ಮಾಡಿದೆ — ಕೂಗಿದರೆ ನೀನು ಏಳುತ್ತೀಯ, ಎದ್ದರೆ ಕಾಲು ಎತ್ತುತ್ತೀಯ, ಎತ್ತಿದರೆ ನಿನ್ನ ಅಪೀಲು ಅಲ್ಲಿಗೆ ಮುಗಿಯಿತು ಎಂದು. ಎಲ್ಲ ಗೊತ್ತಿದ್ದೇ ಕೂಗಿದೆ. ಇಷ್ಟು ವರ್ಷ ಅದನ್ನು ‘ಅಭ್ಯಾಸಬಲ’ ಎಂದು ನೀನೇ ಊರಿಗೆಲ್ಲ ಹೇಳಿಕೊಂಡು ಬಂದೆ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಸುಳ್ಳು ಹೇಳುವ ಶ್ರಮವನ್ನೂ ನಿನ್ನ ಮೇಲೇ ಹಾಕಿದೆ.

ಮಂಡಿ ಮಡಚಿ ನೆಲದ ಮೇಲೆ ಕೂರಲು ನನಗೂ ಆಗುವುದಿಲ್ಲ, ಹಾಗಾಗಿ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕುರ್ಚಿಯ ವಿಷಯ ಮುಂದೆ ಬರುತ್ತದೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ಗೌರಿಬಿದನೂರಿನ ವಕೀಲರಮ್ಮನೂ ಓದುತ್ತಾರೆ, ಅವರ ಮೂಲಕ ನಮ್ಮಿಬ್ಬರ ಮುಖವನ್ನೇ ಕಾಣದವರೂ ಓದುತ್ತಾರೆ. ಪಿಳ್ಳಪ್ಪ ಯಾರು, ದ್ಯಾವಪ್ಪ ಯಾರು ಎಂದು ಅವರಿಗೆ ತಿಳಿಯಬೇಕಲ್ಲ.

ದ್ಯಾವಪ್ಪ ಅಂದರೆ ನಾನು. ಶಿಡ್ಲಘಟ್ಟದವನು. ಸೈನ್ಯದಲ್ಲಿ ಹವಾಲ್ದಾರನಾಗಿದ್ದೆ, ಅದರಲ್ಲೂ ಕವಾಯತು ಕಲಿಸುವ ಹವಾಲ್ದಾರ. ಅಂಥವನನ್ನು ಸಿಪಾಯಿಗಳು ‘ಉಸ್ತಾದ್’ ಎನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗರ ಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿಸಿ ನೆಲ ಅದುರುವ ಹಾಗೆ ಬಡಿಸುವುದು ನನ್ನ ಕೆಲಸ. ನಾನು ‘ಸಾವಧಾನ್’ ಎಂದರೆ ಕಾಲು ಬಡಿದು ನೆಟ್ಟಗೆ ನಿಲ್ಲಬೇಕು, ‘ವಿಶ್ರಾಮ್’ ಎನ್ನುವವರೆಗೆ ಕದಲಬಾರದು. ಶಬ್ದ ಸಾಲದಿದ್ದರೆ ಇನ್ನೊಂದು ಸಲ, ಇನ್ನೂ ಸಾಲದಿದ್ದರೆ ಮತ್ತೊಂದು ಸಲ. ಹಾಗೆ ಬಡಿಸಿ ಬಡಿಸಿ ಎಷ್ಟು ಜನರ ಮಂಡಿ ಸವೆಸಿದೆನೋ, ಆ ಲೆಕ್ಕ ಮೇಲಿನವನ ಹತ್ತಿರ ಇರಬೇಕು. ಬಡಿದು ತೋರಿಸಿ ತೋರಿಸಿ ನನ್ನದೂ ಸವೆಯಿತು.

ಪಿಳ್ಳಪ್ಪ ಅಂದರೆ ನೀನು. ಕೈವಾರದವನು. ನನ್ನ ಕೈಯಲ್ಲೇ ಕವಾಯತು ಕಲಿತು, ಆಮೇಲೆ ಮಾರ್ಟರ್ ತುಕಡಿಗೆ ಹೋದೆ. ಗುಡ್ಡಗಾಡಿನಲ್ಲಿ ಆ ಮಾರ್ಟರ್ ತೋಪಿನ ಅಡಿಗೆ ಹಾಕುವ ಕಬ್ಬಿಣದ ತಟ್ಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುವುದು, ಇಳಿಯುವುದು, ಇದೇ ನಿನ್ನ ನೌಕರಿ. ಒಂದು ಸಲ ರಜೆಗೆ ಬಂದಾಗ ಸ್ಕಂದಗಿರಿ ಹತ್ತಲು ಬಂದ ಬೆಂಗಳೂರಿನ ಹುಡುಗರನ್ನು ನೋಡಿ, “ಬರೀ ಬೆನ್ನಲ್ಲಿ ಹತ್ತೋದಾದ್ರೆ ಅದೂ ಒಂದು ಬೆಟ್ಟನಾ ಉಸ್ತಾದ್?” ಎಂದು ಕೇಳಿದ್ದೆ.

ನಿನ್ನ ಹೆಸರು ಉತ್ತರದವರ ಬಾಯಲ್ಲಿ ‘ಪಿಲ್ಲಾ’ ಆಗಿ, ಅವರ ಭಾಷೆಯಲ್ಲಿ ಅದರರ್ಥ ನಾಯಿಮರಿಯಾಗಿ, ಹಾಜರಿ ಕರೆದಾಗಲೆಲ್ಲ ಸಾಲಿಗೆ ಸಾಲೇ ನಗುತ್ತಿತ್ತು. ನೀನು ಒಂದು ದಿನವೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ “ಜೀ ಉಸ್ತಾದ್” ಎನ್ನುತ್ತಿದ್ದೆ. ಕೋಪ ಮಾಡಿಕೊಳ್ಳಲು ಬಾರದವನಿಗೆ ಅನ್ಯಾಯ ಮಾಡುವುದು ಬಹಳ ಸುಲಭ — ಅದು ನನಗೆ ಆಮೇಲೆ ಗೊತ್ತಾಯಿತು.

ಇನ್ನೊಂದು ಮಾತನ್ನು ಇಲ್ಲೇ ಬರೆದುಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನೀನು ಕುಡಿಯುತ್ತಿರಲಿಲ್ಲ. ನಿನ್ನ ಪಾಲಿಗೆ ಬಂದ ರಮ್ಮು ತಪ್ಪದೆ ನನ್ನ ಟ್ರಂಕು ಸೇರುತ್ತಿತ್ತು. “ಚಳಿ ಜಾಸ್ತಿ ಉಸ್ತಾದ್, ಇಟ್ಕೊಳಿ” ಎನ್ನುತ್ತಿದ್ದೆ. ಚಳಿ ಇಬ್ಬರಿಗೂ ಒಂದೇ ಇತ್ತು. ಆದರೂ ನಾನು ಇಟ್ಟುಕೊಳ್ಳುತ್ತಿದ್ದೆ.

ಇಬ್ಬರೂ ಊರಿಗೆ ಬಂದೆವು. ಬರುವಾಗ ನಿನ್ನ ಮಂಡಿಯಿಂದ ಹಳೇ ಕಿಟಕಿ ತೆಗೆದ ಹಾಗೆ ಶಬ್ದ ಬರುತ್ತಿತ್ತು. ಚಿಂತಾಮಣಿಯ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಮೂಳೆಗಳ ನಡುವಿನ ಮೆತ್ತೆ ಸವೆದುಹೋಗಿದೆ, ಇದು ಸವೆತದ ಸಂಧಿವಾತ, ಇನ್ನು ಹೆಚ್ಚುತ್ತಾ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದರು. ನೀನು ಡಿಸೆಬಿಲಿಟಿ ಪಿಂಚಣಿಗೆ ಹಾಕಿಕೊಂಡೆ. ಮೇಲಿನಿಂದ ಉತ್ತರ ಬಂತು: ಇದು ವಯಸ್ಸಿಗೆ ಬರುವ ಕಾಯಿಲೆ, ಸೇನೆಯ ಸೇವೆಗೂ ಇದಕ್ಕೂ ಸಂಬಂಧವಿಲ್ಲ.

ಸರ್ಕಾರ ಅಷ್ಟು ಹೇಳಿದ್ದೇ ತಡ, ಉಳಿದದ್ದನ್ನು ಊರು ಹೇಳಿತು. ಸೇವೆಯಿಂದ ಅಲ್ಲ ಅಂದರೆ ಇನ್ನೆಲ್ಲಿಂದ? ಮಿಲ್ಟ್ರಿಯಲ್ಲಿ ಬಿಟ್ಟಿ ರಮ್ಮು ಕೊಡುತ್ತಾರೆ, ಕುಡಿದೂ ಕುಡಿದೂ ಕಾಲು ಕಳಕೊಂಡ — ಕೈವಾರದ ಕಟ್ಟೆಯ ಮೇಲೆ ಇದು ತೀರ್ಮಾನವಾಯಿತು. ಕಟ್ಟೆಯವರ ಮಾತು ಹಾಳಾಗಲಿ, ನಿನ್ನ ಹೆಂಡತಿ ಲಚ್ಚಮ್ಮನೂ ನಂಬಿದಳು. ನಾನು ನಿಮ್ಮ ಮನೆಗೆ ಬಂದಿದ್ದಾಗ ಮುದ್ದೆ ಬಡಿಸುತ್ತಾ, “ನೀವೇ ಹೇಳಿ ಅಣ್ಣಯ್ಯ, ಹತ್ರ ಇದ್ದೋರು ನೀವು. ಎಷ್ಟು ಕುಡೀತಿದ್ರು?” ಎಂದು ಕೇಳಿದಳು.

“ಅಂಥದ್ದೇನಿಲ್ಲಮ್ಮ” ಎಂದೆ. ‘ಅಂಥದ್ದೇನಿಲ್ಲ’ ಎಂದರೆ ‘ಸ್ವಲ್ಪ ಇತ್ತು’ ಎಂದೇ ಅರ್ಥ, ಅದು ಎಲ್ಲರಿಗೂ ಗೊತ್ತು. ನಿನ್ನ ಪಾಲಿನದನ್ನೂ ನಾನೇ ಕುಡಿದೆ ಎನ್ನಲು ಬಾಯಿ ಬರಲಿಲ್ಲ — ಬಾಯಲ್ಲಿ ಅವಳ ಮನೆಯ ಸಾರೇ ಇತ್ತು.

ಅದೇ ದಿನ ನೀನು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದು ಹೇಳಿದ್ದು ನನಗೆ ಇನ್ನೂ ನೆನಪಿದೆ. “ದುಡ್ಡು ಬಂದ್ರೆ ಒಳ್ಳೇದೇ ಉಸ್ತಾದ್. ಆದ್ರೆ ನಂಗೆ ದುಡ್ಡಿಗಿಂತ ಆ ಮಾತು ಬೇಕು. ಕಾಲು ನಮ್ಮ ಕೆಲ್ಸದಲ್ಲಿ ಹೋಯ್ತು ಅಂತ ಸರ್ಕಾರನೇ ಹೇಳ್ಬೇಕು. ಆವಾಗ ಇವಳು ನಂಬ್ತಾಳೆ.” ನಿನಗೆ ಬೇಕಾಗಿದ್ದದ್ದು ಇಷ್ಟೇ. ಇದನ್ನು ತಿಳಿದುಕೊಂಡೂ ನಾನು ಆ ಕೆಲಸ ಮಾಡಿದೆ.

ನೀನು ಮೇಲ್ಮನವಿ ಹಾಕಿದೆ. ಇನ್ನೊಂದು ಮೆಡಿಕಲ್ ಬೋರ್ಡು ನಿನ್ನನ್ನು ಮತ್ತೆ ಪರೀಕ್ಷೆ ಮಾಡುತ್ತದೆ ಎಂದು ಆದೇಶವಾಯಿತು. ಅದಕ್ಕೂ ಹಿಂದಿನ ವರ್ಷ, ಇದೇ ಪಿಂಚಣಿಗೆ ನಾನೂ ಹಾಕಿದ್ದ ಅಪೀಲು ಬಿದ್ದುಹೋಗಿತ್ತು. ನಾನು ಬೋರ್ಡಿನ ಮುಂದೆ ಕಬ್ಬಿಣದ ಸಲಾಕೆಯ ಹಾಗೆ ನೆಟ್ಟಗೆ ನಿಂತಿದ್ದೆ, ಅವರು ಆರೋಗ್ಯವಾಗಿದ್ದಾನೆ ಎಂದು ಬರೆದು ಕಳಿಸಿದ್ದರು. ಹಾಗಾಗಿ ಎಲ್ಲಿ ಜಾರುತ್ತದೆ ಎಂಬುದು ನನಗೆ ಗೊತ್ತಿತ್ತು. “ನಿಂಗೆ ನಾನು ಹೇಳ್ಕೊಡ್ತೀನಿ ಬಾರೋ” ಎಂದು ನಿನ್ನನ್ನು ಶಿಡ್ಲಘಟ್ಟಕ್ಕೆ ಕರೆಸಿಕೊಂಡೆ.

ನಿನ್ನ ತೊಂದರೆ ಏನೆಂದರೆ, ನೋವು ನಿಜ, ಆದರೆ ಅದನ್ನು ತೋರಿಸಲು ನಿನಗೆ ಬಾರದು. ಮನೆಯೊಳಗೆ ಗೋಡೆ ಹಿಡಿದು ನಡೆಯುವವನು, ಬೀದಿಯಲ್ಲಿ ಯಾರಾದರೂ “ಏನ್ ಮಿಲ್ಟ್ರಿ” ಎಂದರೆ ಸಾಕು, ಎದೆ ಮುಂದಕ್ಕೆ, ಹೊಟ್ಟೆ ಒಳಕ್ಕೆ. ಆ ಎದೆ, ಆ ಹೊಟ್ಟೆ ಎರಡನ್ನೂ ಕಲಿಸಿದವನು ನಾನೇ. ಈಗ ಬಿಡಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಹೈಸ್ಕೂಲ್ ಮೈದಾನದಲ್ಲಿ ಬೆಳಗ್ಗೆ ಬೆಳಗ್ಗೆ ಕವಾಯತು ಶುರುವಾಯಿತು.

“ಎಡಗೈ ಗೋಡೆ ಮೇಲೆ. ಹಲ್ಲು ಕಚ್ಬೇಡ, ಮುಖ ಸಿಂಡರಿಸು. ಡಾಕ್ಟರು ಕೂತ್ಕೋ ಅಂದ್ರೆ ತಟ್ಟಂತ ಕೂತ್ಕೋಬೇಡ. ಮೊದ್ಲು ಕುರ್ಚಿ ನೋಡು. ಆಮೇಲೆ ಉಸಿರು ಬಿಡು. ಆಮೇಲೆ ಕೂತ್ಕೋ.”

“ಜೀ ಉಸ್ತಾದ್.”

“ಜೀ ಉಸ್ತಾದ್ ಅಂತ ಕೂಗ್ಬೇಡ. ನರಳು.”

ನೀನು ನರಳಿದೆ — ಅದನ್ನೂ ಹಾಜರಿ ಹೇಳಿದ ಹಾಗೆ ನರಳಿದೆ. ಕುಂಟು ಎಂದರೆ ತಾಳ ತಪ್ಪದೆ ಕುಂಟುತ್ತಿದ್ದೆ, ಕೈ ಬೀಸುತ್ತಾ, ಎಡ ಬಲ ಎಡ. ನೆರೆಮನೆಯ ಖಲಂದರ್ ಪಾಷಾ, ನೂಲು ಬಿಚ್ಚುವ ಮಿಷನ್ ಇಟ್ಟಿರುವವನು, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದವನು ಗಾಡಿ ನಿಲ್ಲಿಸಿ ನೋಡಿದ.

“ಕ್ಯಾ ದ್ಯಾವಪ್ಪ ಸಾಬ್, ಇದ್ಯಾವ ಪರೇಡು?”

ವಿಷಯ ಹೇಳಿದೆ. ಪಾಷಾನಿಗೆ ಅರ್ಥವಾಗಲಿಲ್ಲ. “ಅವರ ಕಾಲು ನಿಜವಾಗ್ಲೂ ನೋಯ್ತದಲ್ಲ ಸಾಬ್, ಮತ್ತೆ ಯಾಕೆ ಹೇಳ್ಕೊಡ್ತೀರಾ?”

“ನೋಯೋದು ಕಾಣಿಸ್ಬೇಕಲ್ಲ ಪಾಷಾ.”

ಪಾಷಾ ತಲೆಯಾಡಿಸಿದ. “ಅದು ಕರೆಕ್ಟು. ನಮ್ಮ ಮಾರ್ಕೆಟ್ಟಲ್ಲೂ ಅಷ್ಟೇ. ಗೂಡಿನ ಒಳಗೆ ನೂಲು ಎಷ್ಟೇ ಇರ್ಲಿ, ಮೇಲೆ ನೋಡೇ ರೇಟು ಕೂಗೋದು” ಎಂದು ಹೇಳಿ ಹೊರಟುಹೋದ.

ಕೊನೆಗೆ ನೀನು ಕಲಿತೆ. ಗೋಡೆ ಹಿಡಿದೆ, ಮುಖ ಸಿಂಡರಿಸಿದೆ, ಕುರ್ಚಿ ನೋಡಿ ಉಸಿರು ಬಿಟ್ಟೆ. ಅಷ್ಟು ವರ್ಷ ಒಳಗೆ ಅದುಮಿಟ್ಟಿದ್ದ ನೋವು ಮೊದಲ ಸಲ ನಿನ್ನ ಮುಖದ ಮೇಲೆ ಬಂದದ್ದನ್ನು ನಾನು ಆ ಮೈದಾನದಲ್ಲಿ ನೋಡಿದೆ. ನೋಡಿ ಹೆಮ್ಮೆಪಟ್ಟೆ, ಶಿಷ್ಯ ಪಾಸಾದ ಎಂದು. ನೋವನ್ನು ನೋಡಿ ಹೆಮ್ಮೆಪಡುವ ಮನುಷ್ಯ ಎಂಥವನು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು...

ಈಗ ಕುರ್ಚಿಯ ವಿಷಯ. ಚಿಂತಾಮಣಿಯ ನಮ್ಮ ಮಾಜಿ ಸೈನಿಕರ ಸಂಘದಲ್ಲಿ ಆಗಸ್ಟ್ ಹದಿನೈದಕ್ಕೆ ಬಾವುಟ ಏರಿಸುವಾಗ ಒಂದು ಪದ್ಧತಿ ಇದೆ. ಡಿಸೆಬಿಲಿಟಿ ಪಿಂಚಣಿ ಇರುವವರಿಗೆ ಶಾಮಿಯಾನದ ನೆರಳಿನಲ್ಲಿ, ಮುಂದಿನ ಸಾಲಿನಲ್ಲಿ, ಬಿಳಿ ಗವಸು ತೊಡಿಸಿದ ಕುರ್ಚಿ. ಕೇಸರಿಬಾತು ಅವರು ಕೂತಲ್ಲಿಗೇ ಬರುತ್ತದೆ. ಉಳಿದವರು ಹಿಂದೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ಅವರೆಲ್ಲರಿಗಿಂತ ಮುಂದೆ, ಇನ್ನೂ ಹೆಚ್ಚು ಬಿಸಿಲಲ್ಲಿ ಒಬ್ಬನೇ ನಿಂತು ‘ಸಾವಧಾನ್’, ‘ವಿಶ್ರಾಮ್’ ಎಂದು ಕೂಗುವವನು ನಾನು. ಪ್ರತಿ ವರ್ಷ ಕೂಗುತ್ತಾ ಆ ಕುರ್ಚಿಗಳನ್ನು ನೋಡುತ್ತಿದ್ದೆ. ನನ್ನ ಮಂಡಿಯೂ ಕುದಿಯುತ್ತಿತ್ತು, ಹೊಟ್ಟೆಯೂ ಕುದಿಯುತ್ತಿತ್ತು. ಗವಸು ತೆಗೆದರೆ ಒಳಗಿರುವುದು ಬಾಡಿಗೆ ಪ್ಲಾಸ್ಟಿಕ್ ಕುರ್ಚಿ. ಗೊತ್ತಿತ್ತು. ಆದರೂ...

ಬೋರ್ಡಿನ ದಿನ ಬಂತು. ನಿನ್ನ ಜೊತೆ ನಾನೂ ಹೊರಟೆ. ವರಾಂಡದ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಹೆಸರು ಬರೆದುಕೊಳ್ಳುವವನು ಬಂದು, ನೀನು ಎದ್ದು ಕೂರುವ ಪರಿ ನೋಡಿ, ಮರುಕಪಟ್ಟು ನನ್ನ ಕಡೆ ತಿರುಗಿ, “ನೀವು ಸ್ವಲ್ಪ ಎದ್ದೇಳಿ ಯಜಮಾನ್ರೆ, ಪೇಷೆಂಟು ಕಾಲು ಚಾಚ್ಕೊಳ್ಳಿ” ಎಂದ. ನಾನು ಎದ್ದೆ. ನಾನು ಕೂತಿದ್ದ ಜಾಗದಲ್ಲಿ ನಿನ್ನ ಕಾಲು ಚಾಚಿಕೊಂಡಿತು. ನನ್ನ ಪಾಠ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ನಿಂತೆ, ಅವೇ ಮಂಡಿಗಳ ಮೇಲೆ. ನನಗೂ ನೋಯುತ್ತದೆ ಎಂದು ಹೇಳಲು ನನಗೆ ಯಾರೂ ಕಲಿಸಿರಲಿಲ್ಲ.

ಆಗ ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಖುಷಿಯಲ್ಲಿದ್ದೆ. “ಉಸ್ತಾದ್, ಈ ಸಲ ಬಾವುಟಕ್ಕೆ ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ. ನೀವು ಕೂಗೋದನ್ನ ಕೂತ್ಕೊಂಡು ಕೇಳ್ಬೇಕು ಅಂತ ನಂಗೆ ಎಷ್ಟು ವರ್ಷದ ಆಸೆ ಗೊತ್ತಾ?”

ನೀನು ಪ್ರೀತಿಯಿಂದ ಹೇಳಿದ ಮಾತು ಅದು. ಒಬ್ಬ ಶಿಷ್ಯ ಗುರುವಿಗೆ ಅದಕ್ಕಿಂತ ಒಳ್ಳೆಯ ಮಾತು ಹೇಳಲಾರ. ನಾನು ಹಲ್ಲು ಕಿಸಿದೆ. ಒಳಗೆ ಮಾತ್ರ — ನಾನು ಬಿಸಿಲಲ್ಲಿ ನಿಂತು ಕೂಗಬೇಕು, ಇವನು ನೆರಳಲ್ಲಿ ಕಾಲು ಚಾಚಿ ಕೇಸರಿಬಾತು ತಿನ್ನುತ್ತಾ ಕೇಳಬೇಕು. ನನಗೆ ಸಿಗದದ್ದು ನನ್ನ ಪಾಠದಿಂದಲೇ ಇವನಿಗೆ ಸಿಗಬೇಕು. ಇವನ ರಮ್ಮು ಕುಡಿದದ್ದು ಆಗ ನೆನಪಾಗಲಿಲ್ಲ ಪಿಳ್ಳಪ್ಪ. ಕೇಸರಿಬಾತೇ ಕಣ್ಣ ಮುಂದೆ ಇತ್ತು.

ಅಷ್ಟು ಹೊತ್ತಿಗೆ ವರಾಂಡದ ಆ ತುದಿಯಲ್ಲಿ ಬೋರ್ಡಿನ ದೊಡ್ಡ ಡಾಕ್ಟರು, ಬ್ರಿಗೇಡಿಯರ್ ಸಾಹೇಬರು, ಕಾಣಿಸಿಕೊಂಡರು. ನಾನು ಗೋಡೆ ಬಿಟ್ಟೆ. ಎದೆ ಮುಂದಕ್ಕೆ, ಹೊಟ್ಟೆ ಒಳಕ್ಕೆ. ಅವರು ಹತ್ತಿರ ಬರುವವರೆಗೆ ಕಾದೆ. ಕಾದೆ ಎಂಬ ಮಾತನ್ನು ವಕೀಲರಮ್ಮ ಗಮನಿಸಲಿ. ಆಮೇಲೆ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ.

“ಸಾವಧಾನ್!”

ನಿನ್ನ ತಲೆಗೆ ಆ ಮಾತು ಹೋಗಲೇ ಇಲ್ಲ, ನೇರ ಕಾಲಿಗೆ ಹೋಯಿತು. ಚಾಚಿದ್ದ ಕಾಲು ಬೆಂಚಿನಿಂದ ಹಾರಿತು, ನೀನು ನೆಟ್ಟಗೆ ನಿಂತೆ, ಮಂಡಿ ಸೊಂಟದ ಮಟ್ಟಕ್ಕೆ ಎದ್ದಿತು, ನೆಲಕ್ಕೆ ಬಡಿಯಿತು. ಕಿಟಕಿ ಗಾಜು ಅದುರಿತು. ಹೆಸರು ಬರೆದುಕೊಳ್ಳುವವನ ಕೈಯಿಂದ ಪೆನ್ನು ಬಿತ್ತು. ನನ್ನ ಇಡೀ ನೌಕರಿಯಲ್ಲಿ ಅಂಥ ಹೆಜ್ಜೆಯನ್ನು ನಾನು ಇನ್ನೊಬ್ಬನಿಂದ ತೆಗೆಸಿಲ್ಲ.

ಬ್ರಿಗೇಡಿಯರ್ ಸಾಹೇಬರ ಮುಖ ಅರಳಿತು. “ಶಾಬಾಶ್ ಜವಾನ್” ಎಂದು ನಿನ್ನ ಭುಜ ತಟ್ಟಿ ಒಳಗೆ ಹೋದರು. ಅವರು ಹೋದರೂ ನೀನು ಹಾಗೇ ನಿಂತಿದ್ದೆ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಲಗಾಲು ಸಣ್ಣಗೆ ನಡುಗುತ್ತಿತ್ತು. ಏಕೆ ನಿಂತಿದ್ದೆ ಎಂದು ನನಗೆ ಗೊತ್ತು — ‘ವಿಶ್ರಾಮ್’ ಎಂದು ಉಸ್ತಾದ್ ಹೇಳಿರಲಿಲ್ಲ. ಉಸ್ತಾದ್ ಹೇಳಲೂ ಇಲ್ಲ. ಒಳಗಿನಿಂದ ನಿನ್ನ ಹೆಸರು ಕರೆಯುವವರೆಗೂ ನಾನು ಗೋಡೆ ನೋಡುತ್ತಾ ನಿಂತಿದ್ದೆ. ಕೂಗಿದ್ದು ಒಂದು ಕ್ಷಣದ ಕೆಟ್ಟ ಬುದ್ಧಿ ಎನ್ನಬಹುದು. ಇದನ್ನು ಏನೆನ್ನಬೇಕೋ ನನಗೆ ತಿಳಿಯದು.

ಒಳಗೆ ನಡೆದದ್ದನ್ನು ನೀನೇ ಎಷ್ಟೋ ಮದುವೆಗಳಲ್ಲಿ ಪಂತಿಯಲ್ಲಿ ಕೂತು ಹೇಳಿದ್ದೀಯ. ಶಾಬಾಶ್ ಎನ್ನಿಸಿಕೊಂಡವನಿಗೆ ಮೈದಾನದ ಪಾಠ ಎಲ್ಲಿ ನೆನಪಿರುತ್ತದೆ?

“ಕುಕ್ಕರುಗಾಲಲ್ಲಿ ಕೂತು ಏಳಕ್ಕಾಗ್ತದಾ?”

“ಯೆಸ್ ಸರ್.”

“ಮೆಟ್ಲು ಹತ್ತಕ್ಕೆ?”

“ಯೆಸ್ ಸರ್.”

“ನೋವು?”

“ನೋ ಸರ್.”

“ಮತ್ತೆ ಯಾಕಪ್ಪ ಬಂದೆ?”

“ಅಪೀಲು, ಸರ್.”

ಇಲ್ಲಿಗೆ ಬಂದಾಗ ಪಂತಿಯಲ್ಲಿ ಪಾಯಸ ಬಡಿಸುವವನೂ ನಗುತ್ತಾನೆ. ಆಮೇಲೆ ನೀನು ನನ್ನ ಕಡೆ ಕೈ ತೋರಿಸಿ, “ಉಸ್ತಾದ್ ತಪ್ಪಲ್ಲ, ಅಭ್ಯಾಸಬಲ. ಅವರು ನಿದ್ದೆಲೂ ಹಂಗೇ ಕೂಗ್ತಾರೆ, ಮನೇಲಿ ಕೇಳಿ” ಎನ್ನುತ್ತೀಯ. ನಾನು ನಾಚಿಕೊಂಡವನ ಹಾಗೆ ಎಲೆ ನೋಡುತ್ತೇನೆ.

ಆದರೆ ಬಸ್ಸಿನ ಕತೆಯನ್ನು ನೀನು ಯಾವ ಪಂತಿಯಲ್ಲೂ ಹೇಳಿಲ್ಲ. ಅದನ್ನು ಇವತ್ತು ನಾನು ಹೇಳುತ್ತೇನೆ. ಆಸ್ಪತ್ರೆಯ ಗೇಟು ದಾಟುವವರೆಗೂ ನೀನು ನೆಟ್ಟಗೆ ನಡೆದೆ. ದಾಟಿದ ಮೇಲೆ ನನ್ನ ಹೆಗಲು ಹಿಡಿದುಕೊಂಡೆ. ಚಿಂತಾಮಣಿ ಬಸ್ಸಿನಲ್ಲಿ ಸೀಟು ಖಾಲಿಯಿತ್ತು, ಆದರೆ ನಿನ್ನ ಬಲಮಂಡಿ ಮಡಚಲೊಲ್ಲದು. ಬಾಗಿಲ ಹತ್ತಿರ ನೆಲದ ಮೇಲೆ ಕಾಲು ಚಾಚಿ ಕೂತೆ. ಕಂಡಕ್ಟರ್ ಕೇಳಿದ್ದಕ್ಕೆ, “ಗಾಳಿ ಚೆನ್ನಾಗ್ ಬರ್ತದೆ ಕಣಪ್ಪ” ಎಂದೆ. ಹೊಸಕೋಟೆ ದಾಟುವಾಗ ನೋಡಿದರೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಕೈವಾರ ಕ್ರಾಸಿನಲ್ಲಿ ನಾನೂ ಕಂಡಕ್ಟರೂ ಸೇರಿ ನಿನ್ನನ್ನು ಗೂಡಿನ ಚೀಲ ಇಳಿಸುವಷ್ಟು ಜೋಪಾನವಾಗಿ ಇಳಿಸಿದೆವು. ಮಂಡಿ ಊದಿ ಪ್ಯಾಂಟು ಬಿಗಿದುಕೊಂಡಿತ್ತು.

“ಲಚ್ಚಮ್ಮಂಗೆ ಹೇಳ್ಬೇಡಿ ಉಸ್ತಾದ್” ಎಂದೆ. ನಾನು ಹೇಳಲಿಲ್ಲ. ಮಾತು ಉಳಿಸಿಕೊಂಡೆ ಎಂದು ನೀನು ತಿಳಿದೆ. ನಿನ್ನ ಗುಟ್ಟಿನ ಹಿಂದೆ ನನ್ನ ಗುಟ್ಟನ್ನು ಬಚ್ಚಿಟ್ಟುಕೊಂಡೆ, ಅಷ್ಟೇ.

ಬೋರ್ಡಿನವರು ಕಂಡದ್ದನ್ನೇ ಬರೆದರು: ಜೋರಾಗಿ ಕಾಲು ಬಡಿದು ನೆಟ್ಟಗೆ ನಿಂತ, ಆಸರೆಯಿಲ್ಲದೆ ನಡೆದ, ನೋವಿಲ್ಲ ಎಂದು ತಾನೇ ಹೇಳಿದ. ಅಪೀಲು ವಜಾ ಆಯಿತು. ಲಚ್ಚಮ್ಮ ಒಂದು ಶನಿವಾರ ನಿನ್ನನ್ನು ಕೈವಾರದ ಗುಡಿಗೆ ಕರೆದುಕೊಂಡು ಹೋಗಿ, ಇನ್ನು ಕುಡಿಯುವುದಿಲ್ಲ ಎಂದು ಕರ್ಪೂರ ಮುಟ್ಟಿ ಆಣೆ ಮಾಡಿಸಿದಳು. “ಅಣ್ಣಯ್ಯ, ನೀವು ಸಾಕ್ಷಿ ನಿಂತ್ಕೊಳಿ” ಎಂದು ನನಗೂ ಹೇಳಿಕಳಿಸಿದ್ದಳು. ಜನ್ಮದಲ್ಲಿ ಮುಟ್ಟದವನು ನೀನು, ಇನ್ನು ಮುಟ್ಟಲ್ಲ ಎಂದು ಆಣೆ ಇಟ್ಟೆ. ನಿನ್ನ ಪಾಲು ಕುಡಿದವನು ನಾನು, ಪಕ್ಕದಲ್ಲಿ ಕೈಮುಗಿದು ಸಾಕ್ಷಿ ನಿಂತೆ. ಹೊರಗೆ ಬಂದ ಮೇಲೆ ನೀನೇ ನನ್ನನ್ನು ಸಮಾಧಾನ ಮಾಡಿದೆ. “ಬಿಡಿ ಉಸ್ತಾದ್, ಅವಳಿಗೆ ನೆಮ್ಮದಿ ಆದ್ರೆ ಆಗ್ಲಿ. ನಂಗೇನ್ ನಷ್ಟ?” ರಮ್ಮು ಎಲ್ಲಿಗೆ ಹೋಗುತ್ತಿತ್ತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ ನೀನು.

ಆ ವರ್ಷದ ಬಾವುಟಕ್ಕೆ ನೀನು ಬಂದೆ. ಹಿಂದಿನ ಸಾಲಿನಲ್ಲಿ ನಿಂತಿದ್ದೆ. ನಾನು ಸಾವಧಾನ್ ಎಂದಾಗ ಎಲ್ಲರಿಗಿಂತ ಮುಂಚೆ ನಿನ್ನ ಕಾಲಿನ ಶಬ್ದ ಕೇಳಿತು. ಅದಾದ ಮೇಲೆ ಪ್ರತಿ ವರ್ಷ ಕೇಳುತ್ತಿದೆ, ಪ್ರತಿ ವರ್ಷ ಸ್ವಲ್ಪ ಸಣ್ಣದಾಗುತ್ತಿದೆ. ಹೋದ ಸಲ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದನ್ನು ನೋಡಿದೆ.

ಹೀಗೇ ಹೋಗುತ್ತಿತ್ತೇನೋ. ಹೋದ ವಾರ ಗೌರಿಬಿದನೂರಿಗೆ ಹೋದೆವಲ್ಲ, ನಿನ್ನ ಕೇಸನ್ನು ನ್ಯಾಯಮಂಡಳಿಗೆ ಹಾಕಲು, ವಕೀಲರಮ್ಮ ಗಾಯತ್ರಿಯ ಹತ್ತಿರ. ಚಿಕ್ಕ ವಯಸ್ಸಿನ ಹುಡುಗಿ, ಆದರೆ ಕೇಳುವ ಪ್ರಶ್ನೆ ಚಿಕ್ಕದಲ್ಲ.

“ಬೋರ್ಡ್ ರಿಪೋರ್ಟಲ್ಲಿ ಆ ಕಾಲು ಬಡಿದಿದ್ದೇ ನಮಗೆ ಅಡ್ಡ ಅಂಕಲ್. ಯಾಕೆ ಬಡಿದ್ರು, ಆಮೇಲೆ ಕಾಲು ಏನಾಯ್ತು, ನೋಡಿದೋರು ನೀವೊಬ್ರೇ. ನೀವು ಯಾಕೆ ಕೂಗಿದ್ರಿ?”

“ಅಭ್ಯಾಸ ಕಣಮ್ಮ” ಎಂದೆ.

“ಅಭ್ಯಾಸ ಅಂದ್ರೆ, ಆವತ್ತು ಬೆಳಗ್ಗೆಯಿಂದ ಆ ವರಾಂಡದಲ್ಲಿ ಬೇರೆ ಆಫೀಸರ್ಸ್ ಓಡಾಡಿರ್ತಾರಲ್ಲ. ಅವರಿಗೂ ಕೂಗಿದ್ರಾ?”

ಓಡಾಡಿದ್ದರು. ಕರ್ನಲ್ಲು, ಮೇಜರು, ಎಷ್ಟೋ ಜನ. ಒಬ್ಬರಿಗೂ ಕೂಗಿರಲಿಲ್ಲ. ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನೀನು ಅಡ್ಡ ಬಂದೆ.

“ಅವರೆಲ್ಲ ಚಿಕ್ಕ ಆಫೀಸರ್ಸು ಕಣಮ್ಮ. ನಮ್ಮ ಉಸ್ತಾದು ಬ್ರಿಗೇಡಿಯರಿಗಿಂತ ಕೆಳಗಿನೋರಿಗೆ ಬಾಯೇ ಬಿಡಲ್ಲ.”

ವಕೀಲರಮ್ಮ ನಕ್ಕು ಬರೆದುಕೊಂಡರು. ನೀನೂ ನಕ್ಕೆ. ನಗುತ್ತಾ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದುಕೊಂಡಿದ್ದೆ. ನಾನು ಆ ಕೈಗಳನ್ನು ನೋಡಿದೆ. ನಿನ್ನ ಕೇಸು ಬೀಳುವ ಜಾಗದಲ್ಲೂ ನನ್ನ ಮರ್ಯಾದೆಗೆ ಅಡ್ಡ ನಿಂತೆಯಲ್ಲ ಮಾರಾಯ... ನನಗೆ ಅಲ್ಲಿಂದೀಚೆಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಅದಕ್ಕೇ ಬರೆದೆ. ನೋವಿದ್ದವನು ಸಂಕೋಚದಿಂದ ನೋವಿಲ್ಲ ಎಂದ. ಏಳಲಾರದವನು ನನ್ನ ಆಜ್ಞೆಗೆ ಎದ್ದ. ಆಜ್ಞೆ ಕೊಟ್ಟವನು ಅಸೂಯೆಯಿಂದ, ತಿಳಿದೂ ತಿಳಿದೂ ಕೊಟ್ಟ. ಎದ್ದವನ ಕಾಲು ಆ ಸಾಯಂಕಾಲ ಹೇಗಾಗಿತ್ತು ಎಂಬುದನ್ನೂ ಅವನೇ ಕಣ್ಣಾರೆ ಕಂಡ. ಇಷ್ಟನ್ನೂ ಪ್ರಮಾಣ ಮಾಡಿ ಹೇಳಲು ನಾನು ಸಿದ್ಧನಿದ್ದೇನೆ. ಇದರಿಂದ ನೀನು ಗೆಲ್ಲುತ್ತೀಯೋ ಇಲ್ಲವೋ ಗೊತ್ತಿಲ್ಲ. ಸೋತರೂ ಈ ಸಲ ನನ್ನ ಸುಳ್ಳಿನಿಂದ ಸೋಲುವುದು ಬೇಡ.

ಸೋಮವಾರ ಗೌರಿಬಿದನೂರಿಗೆ ಹೋಗಿ ಸಹಿ ಹಾಕುತ್ತೇನೆ. ಅದಕ್ಕೆ ಮೊದಲು, ಭಾನುವಾರ ಕೈವಾರಕ್ಕೆ ಬಂದು ಇದನ್ನು ನಿನ್ನ ಮುಂದೆ, ಲಚ್ಚಮ್ಮನ ಮುಂದೆ ಗಟ್ಟಿಯಾಗಿ ಓದುತ್ತೇನೆ, ರಮ್ಮಿನ ಭಾಗವನ್ನೂ ಬಿಡದೆ. ಲಚ್ಚಮ್ಮ ಮುದ್ದೆ ಕೋಲು ಎತ್ತಿಕೊಂಡರೆ ನೀನು ಅಡ್ಡ ಬರಬೇಡ. ನಕ್ಕು ಹಗುರ ಮಾಡಲೂ ಬೇಡ. ಒಂದು ಸಲವಾದರೂ ನನ್ನ ಮೇಲೆ ಕೋಪ ಮಾಡಿಕೋ. ಆಮೇಲೆ ನನ್ನನ್ನು ಮನೆಯೊಳಗೆ ಬಿಡುವುದು, ಬಿಡದಿರುವುದು ನಿಮ್ಮಿಬ್ಬರಿಗೆ ಸೇರಿದ್ದು.

ಆವತ್ತು ವರಾಂಡದಲ್ಲಿ ಹೇಳದೆ ಉಳಿಸಿಕೊಂಡ ಮಾತನ್ನು ಬಾಗಿಲಲ್ಲೇ ಹೇಳುತ್ತೇನೆ: ವಿಶ್ರಾಮ್, ಪಿಳ್ಳಪ್ಪ. ತಡವಾಯಿತು.

ಈ ಆಗಸ್ಟ್ ಹದಿನೈದಕ್ಕೆ ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನಾನೇ ಹಾಕಿಸುತ್ತೇನೆ. ಪಿಂಚಣಿ ಮಂಜೂರಾಗದವನಿಗೆ ಯಾಕೆ ಎಂದು ಸಂಘದವರು ಕೇಳಿದರೆ, ಇದನ್ನೇ ಅವರಿಗೂ ಓದಿ ಹೇಳುತ್ತೇನೆ. ನೀನು ಬಂದು ಕೂತುಕೋ, ಕಾಲು ಚಾಚಿಕೋ. ನಾನು ಬಿಸಿಲಲ್ಲಿ ನಿಂತು ಕೂಗುತ್ತೇನೆ, ನಿನಗೆ ಆಸೆಯಿತ್ತಲ್ಲ, ಕೇಳು. ರಾಷ್ಟ್ರಗೀತೆಗೆ ನೀನು ಎದ್ದೇ ಏಳುತ್ತೀಯ, ತಡೆಯಲು ನನ್ನಿಂದಾಗದು. ನನ್ನ ಕೂಗಿಗೆ ಮಾತ್ರ ಏಳಬೇಡ.